ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ

ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಬಂದವರ ಕೈಗೆ ಪ್ರೈಮಾಕ್ವಿನ್ ಮಾತ್ರೆ ಕೊಡುವಾಗ ಆರೋಗ್ಯ ಕಾರ್ಯಕರ್ತರು ಹೇಳಬೇಕಾದ ಮಾತುಗಳಿವೆ. "14 ದಿನ ತಪ್ಪದೆ ತಗೊಳ್ಳಿ. ಖಾಲಿ ಹೊಟ್ಟೆಯಲ್ಲಿ ಬೇಡ. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಗಟ್ಟಿದರೆ ಮಾತ್ರೆ ನಿಲ್ಲಿಸಿ, ಕೂಡಲೇ ಬನ್ನಿ." ಸುಮ್ನೆ ಬಾಯಿಮಾತಿಗೆ ಹೇಳುವುದಲ್ಲ ಇದು. ನಮ್ಮ ದೇಶದ ಮಲೇರಿಯಾ ಚಿಕಿತ್ಸೆಯ ಮಾರ್ಗಸೂಚಿಯಲ್ಲೇ ಈ ಎಚ್ಚರಿಕೆ ಇದೆ.

ಕೇಳಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. 14 ದಿನ ಕಳೆಯುತ್ತದೆ, ಜ್ವರವೂ ಮರೆತುಹೋಗುತ್ತದೆ. ಕೆಲವರಿಗೆ ಮಾತ್ರ ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಳಗೆ ಕೆಂಪು ರಕ್ತಕಣಗಳು ಒಡೆಯುತ್ತಿವೆ. ಆ ಬಣ್ಣ ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ನಿನದು. ಅವರ ರಕ್ತಕಣಗಳಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇತ್ತು. ಅದು ಅವರಿಗೂ ಗೊತ್ತಿರಲಿಲ್ಲ, ಮಾತ್ರೆ ಕೊಟ್ಟವರಿಗೂ ಗೊತ್ತಿರಲಿಲ್ಲ.

ಆ ಕಿಣ್ವದ ಹೆಸರು ಜಿ6ಪಿಡಿ. ಪೂರ್ತಿ ಹೇಳಿದರೆ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಇದರ ಕೊರತೆ ಇದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮನುಷ್ಯರಲ್ಲಿ ಕಾಣುವ ಕಿಣ್ವದ ಕೊರತೆಗಳಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ. ಮಲೇರಿಯಾ ಮಾತ್ರೆಗೂ ಇದಕ್ಕೂ ಇರುವ ನಂಟು 1956ರಲ್ಲೇ ಗೊತ್ತಾಯಿತು. ಬೆರಳು ಚುಚ್ಚಿ ಎರಡು ನಿಮಿಷದಲ್ಲಿ ಅಳೆಯುವ ಯಂತ್ರ ಈಗ ಇದೆ. ಆದರೂ ಎಷ್ಟೋ ಕಡೆ ರೋಗಿಯ ಮೂತ್ರವೇ ಪರೀಕ್ಷೆಯಾಗಿ ಉಳಿದಿದೆ. ಮೊದಲು ಮಾತ್ರೆ, ಆಮೇಲೆ ಬಣ್ಣ ನೋಡುವುದು. ಇಷ್ಟು ದಿನ ಹೇಗೋ ನಡೆಯಿತು. ಇನ್ನು ಮುಂದೆ ನಡೆಯುವುದಿಲ್ಲ ಅಂತ ನನಗೆ ಅನ್ನಿಸುವುದು ಯಾಕೆ ಎಂದು ಹೇಳಬೇಕಾದರೆ ಆ ರಕ್ತಕಣದ ಕಥೆಯಿಂದಲೇ ಶುರುಮಾಡಬೇಕು.

ಕೆಂಪು ರಕ್ತಕಣ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ರಕ್ತಕ್ಕೆ ಇಳಿಯುವ ಮುಂಚೆ ಅದು ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ಹಾಕಿಬಿಡುತ್ತದೆ. ಸ್ವಲ್ಪ ಸಮಯಕ್ಕೆ ಮೈಟೋಕಾಂಡ್ರಿಯಾವೂ ಹೋಗುತ್ತದೆ. ಹಿಮೋಗ್ಲೋಬಿನ್ ತುಂಬಿಕೊಳ್ಳಲು ಜಾಗ ಬೇಕಲ್ಲ. ನ್ಯೂಕ್ಲಿಯಸ್ಸಿನ ಜೊತೆ ಜೀನುಗಳೂ ಹೋದಮೇಲೆ ಹೊಸ ಪ್ರೋಟೀನು ಮಾಡಿಕೊಳ್ಳುವ ದಾರಿಯೂ ಇಲ್ಲ. ಮಜ್ಜೆಯಲ್ಲಿ ಕಟ್ಟಿಕೊಂಡ ಬುತ್ತಿಯೇ ಗತಿ. ಆ ಬುತ್ತಿಯಲ್ಲಿ ಏನೇನು ಕಿಣ್ವ ಇದೆಯೋ ಅದರಲ್ಲೇ ಸುಮಾರು 120 ದಿನದ ಪ್ರಯಾಣ ಮುಗಿಸಬೇಕು. ದಾರಿಯಲ್ಲಿ ಮತ್ತೆ ತುಂಬಿಸಿಕೊಡುವವರು ಯಾರೂ ಇಲ್ಲ.

ಈ ಪ್ರಯಾಣಿಕನ ಹೊರೆ ಬೇರೆ ಅಪಾಯದ್ದು. ಆಮ್ಲಜನಕ ಮತ್ತು ಕಬ್ಬಿಣ ಎರಡನ್ನೂ ಒಟ್ಟಿಗೆ ಹೊತ್ತು ತಿರುಗುತ್ತದೆ. ಇವೆರಡೂ ಸೇರಿದರೆ ಏನಾಗುತ್ತದೆ ಅಂತ ಮಳೆಯಲ್ಲಿ ಬಿಟ್ಟ ಸೈಕಲ್ ನೋಡಿದವರಿಗೆ ಗೊತ್ತು. ಕಣದೊಳಗೂ ಒಂಥರಾ ತುಕ್ಕು ಹಿಡಿಯುವ ಕೆಲಸ ಸದಾ ನಡೆದೇ ಇರುತ್ತದೆ. ಅದನ್ನು ತಡೆಯುವುದು ಗ್ಲುಟಾಥಯೋನ್ ಎಂಬ ಚಿಕ್ಕ ಅಣು. ಒಮ್ಮೆ ಕೆಲಸ ಮಾಡಿದ ಗ್ಲುಟಾಥಯೋನನ್ನು ಮತ್ತೆ ಸಜ್ಜು ಮಾಡಲು ಎನ್‌ಎಡಿಪಿಎಚ್ ಎಂಬ ಇನ್ನೊಂದು ಅಣು ಬೇಕು. ಆ ಎನ್‌ಎಡಿಪಿಎಚ್ ಬೇಕಾದರೆ ಜಿ6ಪಿಡಿ ಬೇಕು. ದೇಹದ ಬೇರೆ ಜೀವಕೋಶಗಳಿಗೆ ಇದಕ್ಕೆ ಬೇರೆ ದಾರಿಗಳಿವೆ. ಕೆಂಪು ಕಣಕ್ಕೆ ಹೆಚ್ಚುಕಮ್ಮಿ ಇದೊಂದೇ ದಾರಿ.

ಕೊರತೆ ಇರುವವರಲ್ಲಿ ಸಾಮಾನ್ಯವಾಗಿ ಈ ಕಿಣ್ವ ಇಲ್ಲವೇ ಇಲ್ಲ ಎಂದೇನಲ್ಲ. ಮಜ್ಜೆಯಿಂದ ಹೊರಡುವಾಗ ಬುತ್ತಿಯಲ್ಲಿ ಇರುತ್ತದೆ, ಬೇಗ ಹಳಸುತ್ತದೆ. ಸಾಮಾನ್ಯ ಕಿಣ್ವದ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 62 ದಿನ ಬೇಕು. ಆಫ್ರಿಕಾ ಮೂಲದ ಒಂದು ಮಾದರಿಯಲ್ಲಿ ಸುಮಾರು 13 ದಿನ ಸಾಕು. ಹಾಗಾಗಿ ಎಳೆಯ ಕಣ ಹೇಗೋ ತಡೆದುಕೊಳ್ಳುತ್ತದೆ. ಹಳೆಯ ಕಣದಲ್ಲಿ ಬುತ್ತಿ ಖಾಲಿ. ಮಾಮೂಲಿ ದಿನಗಳಲ್ಲಿ ಅಷ್ಟೇ ಸಾಕಾಗುತ್ತದೆ. ಅದಕ್ಕೇ ಈ ಕೊರತೆ ಇರುವ ಬಹುಪಾಲು ಜನ ಜೀವನವಿಡೀ ಆರಾಮಾಗಿ ಇರುತ್ತಾರೆ. ಗದ್ದೆ ಕೆಲಸ ಮಾಡುತ್ತಾರೆ, ಆಟ ಆಡುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಪ್ರೈಮಾಕ್ವಿನ್‌ನಂಥ ಔಷಧಿ ಒಳಗೆ ಹೋದಾಗ ತುಕ್ಕಿನ ವೇಗ ಏಕಾಏಕಿ ಏರುತ್ತದೆ. ಹಿಮೋಗ್ಲೋಬಿನ್ ಮುದ್ದೆಗಟ್ಟಿ ಕಣದ ಒಳಗೋಡೆಗೆ ಅಂಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ಕಣಗಳ ಅಂಚು ಯಾರೋ ಕಚ್ಚಿ ತಿಂದ ಬಿಸ್ಕತ್ತಿನ ಹಾಗೆ ಕಾಣುತ್ತದೆ. ಗುಲ್ಮ ಆ ಮುದ್ದೆಯನ್ನು ಕಿತ್ತು ತೆಗೆದ ಗುರುತು ಅದು.

ಇದೆಲ್ಲ ಗೊತ್ತಾದ ರೀತಿ ನೆನೆದರೆ ಸಂಕಟವಾಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸ್ಟೇಟ್‌ವಿಲ್ ಜೈಲಿನಲ್ಲಿ ಕೈದಿಗಳಿಗೆ ಬೇಕೆಂತಲೇ ಮಲೇರಿಯಾ ಬರಿಸಿ ಹೊಸ ಔಷಧಿಗಳ ಪ್ರಯೋಗ ನಡೆಸಿದರು. ಶಿಕಾಗೋ ವಿಶ್ವವಿದ್ಯಾಲಯದ ವೈದ್ಯರು ಅದರ ಮುಂದಾಳುಗಳು. ಯುದ್ಧ ಮುಗಿದಮೇಲೂ ಅವು ನಿಲ್ಲಲಿಲ್ಲ. ದಿನಕ್ಕೆ 30 ಮಿಲಿಗ್ರಾಂ ಪ್ರೈಮಾಕ್ವಿನ್ ಕೊಟ್ಟಾಗ ಕಪ್ಪು ಜನಾಂಗದ ಕೈದಿಗಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ರಕ್ತಕಣ ಒಡೆಯಿತು. ತಪ್ಪು ಇರುವುದು ಔಷಧಿ ಅರಗುವ ರೀತಿಯಲ್ಲೋ, ರಕ್ತಕಣದಲ್ಲೋ? ರೇಮಂಡ್ ಡರ್ನ್, ಆಲ್ಫ್ ಆಲ್ವಿಂಗ್ ಮತ್ತು ಸಂಗಡಿಗರು 1954ರಲ್ಲಿ ಅದಕ್ಕೆ ಉತ್ತರ ಕಂಡುಕೊಂಡರು. ರಕ್ತ ಒಡೆಯುವವನ ಕಣಗಳಿಗೆ ವಿಕಿರಣದ ಕ್ರೋಮಿಯಂ ಗುರುತು ಹಚ್ಚಿ, ಒಡೆಯದವನ ಮೈಗೆ ಏರಿಸಿ, ಆಮೇಲೆ ಮಾತ್ರೆ ಕೊಟ್ಟರು. ಅವನ ಸ್ವಂತ ಕಣಗಳು ಉಳಿದವು. ಗುರುತು ಹಚ್ಚಿದ ಕಣಗಳು ಮಾತ್ರ ಒಡೆದವು. ತಪ್ಪು ಕಣದಲ್ಲೇ ಇತ್ತು. ಎರಡು ವರ್ಷದ ನಂತರ ಪಾಲ್ ಕಾರ್ಸನ್ ಮತ್ತು ಸಂಗಡಿಗರು ಆ ಕಣಗಳಲ್ಲಿ ಜಿ6ಪಿಡಿ ಕಡಿಮೆ ಇದೆ ಎಂದು ತೋರಿಸಿದರು.

ನ್ಯೂರೆಂಬರ್ಗ್‌ನಲ್ಲಿ ನಾಜಿ ವೈದ್ಯರ ವಿಚಾರಣೆ ನಡೆದಾಗ, ಅಮೆರಿಕದವರೂ ಕೈದಿಗಳ ಮೇಲೆ ಹೀಗೇ ಮಾಡಿದ್ದಾರಲ್ಲ ಅಂತ ಆರೋಪಿಗಳ ಪರ ವಕೀಲರು ಎತ್ತಿದ್ದು ಇದೇ ಸ್ಟೇಟ್‌ವಿಲ್ ಮಾತನ್ನು. ಕೈದಿಗಳ ಒಪ್ಪಿಗೆ ಪಡೆದೇ ಮಾಡಿದ್ದು ಎಂದು ಅಮೆರಿಕದ ವೈದ್ಯರು ಹೇಳಿದರು. ಜೈಲಿನೊಳಗೆ ಇರುವವನ ಒಪ್ಪಿಗೆಗೆ ಎಷ್ಟು ಬೆಲೆ? ಆ ಕೈದಿಗಳ ಮೈಯಿಂದ ಬಂದ ತಿಳಿವಳಿಕೆ ಇದು. 70 ವರ್ಷ ಕಳೆದರೂ ಅದು ಊರಿನ ಆಸ್ಪತ್ರೆಯ ಬೆಂಚಿನವರೆಗೆ ಪೂರ್ತಿ ಬಂದಿಲ್ಲವಲ್ಲ ಅನ್ನುವುದೇ ನನ್ನ ಬೇಸರ.

ಮಲೇರಿಯಾ ಇದ್ದ ನಾಡುಗಳಲ್ಲೇ ಈ ಕೊರತೆ ಜಾಸ್ತಿ. ಅದು ಕಾಕತಾಳೀಯ ಅಲ್ಲ. 1969ರಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ಲೂಚಿಯೋ ಲುಝಾಟ್ಟೊ ಮತ್ತು ಜೊತೆಗಾರರು ಮಲೇರಿಯಾ ಬಂದ ಹುಡುಗಿಯರ ರಕ್ತ ನೋಡಿದರು. ಆ ಹುಡುಗಿಯರಲ್ಲಿ ಕಿಣ್ವ ಸರಿ ಇದ್ದದ್ದು, ಕೊರತೆ ಇದ್ದದ್ದು, ಎರಡೂ ಬಗೆಯ ಕಣ ಇದ್ದವು. ಪರಾವಲಂಬಿಗಳು ಕಿಣ್ವ ಸರಿ ಇದ್ದ ಕಣಗಳಲ್ಲೇ ಹೆಚ್ಚಾಗಿ ಕೂತಿದ್ದವು. ಕೊರತೆಯ ಕಣ ಅವುಗಳಿಗೆ ಒಗ್ಗುವುದಿಲ್ಲ. ಅಂದರೆ ಸಾವಿರಾರು ವರ್ಷ ಮಲೇರಿಯಾದಿಂದ ಮಕ್ಕಳನ್ನು ಉಳಿಸಿದ ಗುಣವೇ ಇವತ್ತು ಮಲೇರಿಯಾದ ಮಾತ್ರೆಗೆ ಅಡ್ಡ ಬರುತ್ತಿದೆ.

ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಮೂರು ಮಾದರಿ: ಮೆಡಿಟರೇನಿಯನ್, ಕೇರಳ-ಕಲ್ಯಾಣ್, ಒರಿಸ್ಸಾ. ಕೇರಳ ಮತ್ತು ಕಲ್ಯಾಣ್ ಮೊದಲು ಬೇರೆ ಬೇರೆ ಅಂದುಕೊಂಡಿದ್ದರು. ಜೀನ್ ಓದಿದಾಗ ಎರಡೂ ಒಂದೇ ಎಂದು ಗೊತ್ತಾಗಿ ಹೆಸರು ಜೋಡಿಸಿದರು. ಮಧ್ಯ, ಪೂರ್ವ ಮತ್ತು ದಕ್ಷಿಣ ಭಾರತದ ಬುಡಕಟ್ಟುಗಳಲ್ಲಿ ಒರಿಸ್ಸಾ ಮಾದರಿ ಸಿಗುತ್ತದೆ. ಪಾರ್ಸಿಗಳಲ್ಲಿ ಕೊರತೆ ಹೆಚ್ಚು ಎಂಬುದು 1960ರ ದಶಕದಿಂದಲೇ ಗೊತ್ತು. ಬೇರೆ ಬೇರೆ ಸಮುದಾಯಗಳನ್ನು ಹೋಲಿಸಿದರೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ನೂರಕ್ಕೆ 27ರವರೆಗೂ ಇದೆ. ಆದ್ದರಿಂದ "ಭಾರತದಲ್ಲಿ ಇಷ್ಟು" ಎಂಬ ಸರಾಸರಿ ಹಿಡಿದುಕೊಂಡು ಮುಂದೆ ಕೂತ ಒಬ್ಬ ರೋಗಿಯ ಬಗ್ಗೆ ಏನೂ ಹೇಳಲು ಆಗುವುದಿಲ್ಲ. ಮೂರರಲ್ಲಿ ಮೆಡಿಟರೇನಿಯನ್ ಮಾದರಿ ತೀವ್ರವಾದದ್ದು. ಅದರಲ್ಲಿ ಎಳೆಯ ಕಣಗಳಲ್ಲೂ ಬುತ್ತಿ ಹಳಸಿರುತ್ತದೆ. ಸ್ಟೇಟ್‌ವಿಲ್‌ನಲ್ಲಿ ಹಳೆಯ ಕಣಗಳು ಒಡೆದು ಮುಗಿದಮೇಲೆ, ಮಾತ್ರೆ ನಡೆಯುತ್ತಿದ್ದರೂ ರಕ್ತ ಸುಧಾರಿಸಿತ್ತು. ಮೆಡಿಟರೇನಿಯನ್ ಮಾದರಿಯಲ್ಲಿ ಆ ಭರವಸೆ ಇಲ್ಲ.

ಈಗ ಮಂಗಳೂರಿಗೆ ಬನ್ನಿ. 1990ರ ದಶಕದಿಂದ ಅಲ್ಲಿ ಮಲೇರಿಯಾ ಬೀಡುಬಿಟ್ಟಿತ್ತು. ಏಳುತ್ತಿದ್ದ ಬಹುಮಹಡಿ ಕಟ್ಟಡಗಳಲ್ಲಿ ನಿಂತ ನೀರು, ಅದೇ ಕಟ್ಟಡದಲ್ಲಿ ಮಲಗುವ ಕಾರ್ಮಿಕರು, ಬಿಡದ ಮಳೆ. ಒಂದು ಕಾಲಕ್ಕೆ ವರ್ಷಕ್ಕೆ ಸಾವಿರಾರು ಪ್ರಕರಣ. ಅದರಲ್ಲಿ ಹೆಚ್ಚಿನದು ವೈವ್ಯಾಕ್ಸ್. 2015ರ ನಂತರ ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ಒಂದೊಂದು ಪ್ರಕರಣದ ಬೆನ್ನು ಹತ್ತಿ, ಮನೆಬಾಗಿಲಿಗೆ ಹೋಗಿ ದುಡಿದ ಕಾರ್ಯಕರ್ತರಿಂದ ಅದು ಬಹಳ ಇಳಿಯಿತು. ಅವರ ದುಡಿಮೆಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. 2027ಕ್ಕೆ ಸ್ಥಳೀಯವಾಗಿ ಹರಡುವ ಮಲೇರಿಯಾ ಸೊನ್ನೆ, 2030ಕ್ಕೆ ಪೂರ್ತಿ ನಿರ್ಮೂಲನೆ ಎಂಬುದು ದೇಶದ ಗುರಿ.

ವೈವ್ಯಾಕ್ಸ್‌ನ ತೊಂದರೆ ಏನೆಂದರೆ ಅದು ಲಿವರ್‌ನಲ್ಲಿ ನಿದ್ದೆ ಹೋಗುತ್ತದೆ. ಜ್ವರಕ್ಕೆ ಕೊಡುವ ಕ್ಲೋರೋಕ್ವಿನ್ ಮಾತ್ರೆ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರ ಬಿಡುತ್ತದೆ. ಲಿವರ್‌ನಲ್ಲಿ ಮಲಗಿದ್ದು ವಾರಗಳೋ ತಿಂಗಳುಗಳೋ ಕಳೆದಮೇಲೆ ಎದ್ದು ಬರುತ್ತದೆ. ಅಷ್ಟರಲ್ಲಿ ಆ ಕಾರ್ಮಿಕ ಇನ್ನೊಂದು ಊರಿನ ಇನ್ನೊಂದು ಕಟ್ಟಡದಲ್ಲಿ ಇರುತ್ತಾನೆ. ಮಲಗಿದ್ದನ್ನು ಕೊಲ್ಲಲು ಇವತ್ತಿಗೂ ಕೈಯಲ್ಲಿರುವುದು ಪ್ರೈಮಾಕ್ವಿನ್ ಮತ್ತು ಅದೇ ಕುಲದ ಟಫೆನೋಕ್ವಿನ್ ಮಾತ್ರ. ಎರಡೂ ಜಿ6ಪಿಡಿ ಕಡಿಮೆ ಇದ್ದವರ ರಕ್ತ ಒಡೆಯುತ್ತವೆ.

ಇಲ್ಲಿ ಎರಡು ಕಡೆಯಿಂದಲೂ ನಷ್ಟ ಆಗುತ್ತಿದೆ. ಪರೀಕ್ಷೆ ಇಲ್ಲದೆ ಎಲ್ಲರಿಗೂ ಕೊಟ್ಟರೆ ಕೆಲವರಿಗೆ ಅಪಾಯ. ಹೆದರಿ ಕೊಡದೆ ಬಿಟ್ಟರೆ ಅಥವಾ ಅರ್ಧಕ್ಕೇ ನಿಂತರೆ ಮಲೇರಿಯಾ ಮರಳಿ ಬರುತ್ತದೆ. ಕೊರತೆ ಇದೆ ಎಂದು ಗೊತ್ತಾದವರಿಗೆ ದಾರಿಯೇ ಇಲ್ಲ ಎಂದಲ್ಲ. ಪ್ರೈಮಾಕ್ವಿನ್ನನ್ನು ವಾರಕ್ಕೊಮ್ಮೆ, ಕಿಲೋ ತೂಕಕ್ಕೆ 0.75 ಮಿಲಿಗ್ರಾಂ ಲೆಕ್ಕದಲ್ಲಿ, 8 ವಾರ, ವೈದ್ಯರ ಕಣ್ಣಳತೆಯಲ್ಲಿ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಡೋಸ್‌ಗೆ ಒಡೆದ ಕಣಗಳ ಜಾಗಕ್ಕೆ ವಾರದಲ್ಲಿ ಎಳೆಯ ಕಣಗಳು ಬರಲಿ ಎಂಬುದು ಇದರ ಹಿಂದಿನ ಲೆಕ್ಕ. ಆದರೆ ಯಾರಿಗೆ ದಿನಕ್ಕೊಂದು, ಯಾರಿಗೆ ವಾರಕ್ಕೊಂದು ಅಂತ ಮೊದಲು ಗೊತ್ತಾಗಬೇಕಲ್ವಾ?

ಔಷಧಿ ಬದಲಾಗುತ್ತಿದೆ ಎಂಬುದು ಇನ್ನೂ ದೊಡ್ಡ ಕಾರಣ. 14 ದಿನದ ಮಾತ್ರೆಯನ್ನು ಜನ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಮೂರನೇ ದಿನಕ್ಕೆ ಜ್ವರ ಇಲ್ಲ, ಕೂಲಿಗೆ ಹೋಗಬೇಕು, ಮಾತ್ರೆ ಚೀಲದಲ್ಲೇ ಉಳಿಯುತ್ತದೆ. ಅದಕ್ಕೆ 7 ದಿನದ ಕೋರ್ಸು ಬಂತು. ದಿನ ಅರ್ಧ ಆದರೆ ದಿನದ ಡೋಸ್ ಎರಡು ಪಟ್ಟು. ಟಫೆನೋಕ್ವಿನ್ ಇನ್ನೂ ಮುಂದೆ ಹೋಗಿದೆ: ದೊಡ್ಡವರಿಗೆ 300 ಮಿಲಿಗ್ರಾಂ, ಒಂದೇ ಸಲ, ಮುಗೀತು. 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಬ್ರೆಜಿಲ್ ತನ್ನ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಸೇರಿಸಿತು. 2024ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ದಕ್ಷಿಣ ಅಮೆರಿಕದ ದೇಶಗಳಿಗೆ ಇದನ್ನು ಶಿಫಾರಸು ಮಾಡಿತು. ನಮ್ಮ ಭಾಗಕ್ಕೆ ಆ ಶಿಫಾರಸು ಆಗ ಬರಲಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಕಾಣುತ್ತಿದೆ.

ಈಗ ಆ ಹಳೆಯ ಎಚ್ಚರಿಕೆಯನ್ನು ಇನ್ನೊಮ್ಮೆ ಓದಿ. ಮೂತ್ರ ಕಪ್ಪಾದರೆ ಮಾತ್ರೆ ನಿಲ್ಲಿಸಿ. ಪ್ರೈಮಾಕ್ವಿನ್‌ಗೆ ಇದು ಹೊಂದುತ್ತದೆ. ನಿಲ್ಲಿಸಿದರೆ ದಿನದೊಳಗೆ ಅದು ಮೈಯಿಂದ ಇಳಿದುಹೋಗುತ್ತದೆ. ಟಫೆನೋಕ್ವಿನ್ ಅರ್ಧ ಇಳಿಯಲು ಎರಡು ವಾರ ಬೇಕು. ಒಂದೇ ಸಲದ ಔಷಧಿಯಲ್ಲಿ ನಿಲ್ಲಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ನುಂಗಿ ಆಯಿತು, ವಾರಗಟ್ಟಲೆ ಮೈಯಲ್ಲೇ ಇರುತ್ತದೆ. ಹಾಗಾಗಿ ಇದನ್ನು ಕೊಡುವ ಮುಂಚೆ ಕಿಣ್ವದ ಶಕ್ತಿ ಸಾಮಾನ್ಯದ ನೂರಕ್ಕೆ 70ಕ್ಕಿಂತ ಮೇಲಿದೆ ಎಂದು ಅಳೆದು ನೋಡಲೇಬೇಕು. ಔಷಧಿ ಸುಲಭವಾದಷ್ಟೂ ಪರೀಕ್ಷೆ ಮುಂಚೆ ಬರಬೇಕು. ಪರೀಕ್ಷೆ ಊರಿಗೆ ಬಾರದೆ ಹೊಸ ಔಷಧಿ ಮಾತ್ರ ಬಂದರೆ ನಮಗೆ ಅದರಿಂದ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಆದೀತು ಎಂಬುದು ನನ್ನ ಆತಂಕ.

ಯಾವ ಪರೀಕ್ಷೆ ಎಂಬುದೂ ಮುಖ್ಯ. ಅಮೆರಿಕದ ವೈದ್ಯ ಅರ್ನೆಸ್ಟ್ ಬಾಯ್ಟ್ಲರ್ 1966ರಲ್ಲಿ ರೂಪಿಸಿದ ಒಂದು ಸರಳ ಪರೀಕ್ಷೆ ಇವತ್ತಿಗೂ ಲ್ಯಾಬುಗಳಲ್ಲಿ ನಡೆಯುತ್ತಿದೆ. ರಕ್ತದ ಹನಿಗೆ ರಾಸಾಯನಿಕ ಬೆರೆಸಿ, ಫಿಲ್ಟರ್ ಕಾಗದದ ಮೇಲೆ ಚುಕ್ಕೆ ಇಟ್ಟು, ಅತಿನೇರಳೆ ಬೆಳಕಿನಲ್ಲಿ ನೋಡುತ್ತಾರೆ. ಹೊಳೆದರೆ ಕಿಣ್ವ ಇದೆ, ಹೊಳೆಯದಿದ್ದರೆ ಇಲ್ಲ. ಗಂಡಸರಿಗೆ ಇದು ಚೆನ್ನಾಗಿ ಹೊಂದುತ್ತದೆ. ಯಾಕೆಂದರೆ ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಗಂಡಸರಿಗೆ ಇರುವುದು ಒಂದೇ ಎಕ್ಸ್. ಸರಿ ಇದೆ, ಇಲ್ಲವೇ ಕೊರತೆ ಇದೆ. ಹೆಂಗಸರ ಲೆಕ್ಕ ಬೇರೆ. ಅವರಿಗೆ ಎಕ್ಸ್ ಎರಡು. ಪ್ರತಿ ಜೀವಕೋಶದಲ್ಲೂ ಎರಡರಲ್ಲಿ ಒಂದು ಮಲಗುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಮೇರಿ ಲಯನ್ 1961ರಲ್ಲಿ ಹೇಳಿದರು. ಒಂದರಲ್ಲಿ ಮಾತ್ರ ದೋಷ ಇರುವ ಹೆಂಗಸಿನ ರಕ್ತದಲ್ಲಿ ಎರಡು ಬಗೆಯ ಕಣ ಬೆರೆತಿರುತ್ತವೆ, ಬೆಳ್ತಿಗೆ ಅಕ್ಕಿಗೆ ಕುಚ್ಚಲಕ್ಕಿ ಬೆರೆತ ಹಾಗೆ. ಯಾವುದು ಎಷ್ಟು ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಅರ್ಧ ಕಣ ಸರಿ ಇದ್ದರೂ ಸಾಕು, ಆ ಚುಕ್ಕೆ ಹೊಳೆಯುತ್ತದೆ. ವರದಿಯಲ್ಲಿ "ನಾರ್ಮಲ್" ಎಂದು ಬರುತ್ತದೆ. ಮಾತ್ರೆ ಹೋದಮೇಲೆ ಉಳಿದರ್ಧ ಕಣ ಒಡೆಯುತ್ತದೆ.

ಹೆಂಗಸರಿಗೆ ಬೇಕಾದದ್ದು ಹೌದು-ಇಲ್ಲ ಎನ್ನುವ ಉತ್ತರವಲ್ಲ, ಒಂದು ಸಂಖ್ಯೆ. ದಕ್ಷಿಣ ಕೊರಿಯಾದ ಕಂಪನಿಯೊಂದರ ಕೈಯಲ್ಲಿ ಹಿಡಿಯುವ ಯಂತ್ರ ಅದನ್ನು ಕೊಡುತ್ತದೆ. ಗ್ಲುಕೋಮೀಟರ್ ಹಾಗೇ ಇದೆ. ಬೆರಳಿನಿಂದ ಒಂದು ಹನಿ, ಎರಡು ನಿಮಿಷ, ಪರದೆ ಮೇಲೆ ಎರಡು ಸಂಖ್ಯೆ: ಹಿಮೋಗ್ಲೋಬಿನ್ ಎಷ್ಟು, ಜಿ6ಪಿಡಿ ಎಷ್ಟು. ಒಂದು ಗ್ರಾಂ ಹಿಮೋಗ್ಲೋಬಿನ್ನಿಗೆ 4 ಯೂನಿಟ್ ಅಥವಾ ಕಡಿಮೆ ಇದ್ದರೆ ಕೊರತೆ. 6 ದಾಟಿದರೆ ಆತಂಕ ಇಲ್ಲ. ನಡುವೆ ಬಂದವರಲ್ಲಿ ಹೆಚ್ಚಿನವರು ಹೆಂಗಸರು. 2024ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟಫೆನೋಕ್ವಿನ್‌ಗೂ ಈ ಯಂತ್ರಕ್ಕೂ, ಗುಣಮಟ್ಟ ಪರಿಶೀಲಿಸಿ ಕೊಡುವ ತನ್ನ ಪೂರ್ವ ಅರ್ಹತೆಯ ಮುದ್ರೆ ಒತ್ತಿತು. ಜೋಡಿಯಾಗಿಯೇ ಬರಬೇಕಾದವು ಇವು.

ಒಂದು ಎಚ್ಚರ. ರಕ್ತ ಒಡೆದು ಆಸ್ಪತ್ರೆ ಸೇರಿದ ದಿನವೇ ಪರೀಕ್ಷೆ ಮಾಡಿದರೆ ಉತ್ತರ ಸುಳ್ಳಾಗಬಹುದು. ಹಳೆಯ ಕಣಗಳೆಲ್ಲ ಒಡೆದುಹೋಗಿವೆ. ಉಳಿದಿರುವುದು ಈಗತಾನೇ ಬುತ್ತಿ ಕಟ್ಟಿಕೊಂಡು ಬಂದ ಎಳೆಯವು. ಅವುಗಳಲ್ಲಿ ಕಿಣ್ವ ಸಾಕಷ್ಟು ಕಾಣುತ್ತದೆ. ನಾರ್ಮಲ್ ಅಂತ ಬಂದರೂ ಅನುಮಾನ ಇದ್ದರೆ ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು. ನಮ್ಮ ಪರಿಚಯದ ಮನೆಯೊಂದರ ಹುಡುಗನಿಗೆ ಇದೇ ಆಯಿತು. ನಾರ್ಮಲ್ ವರದಿ ನಂಬಿ ಮನೆಯವರು ಸುಮ್ಮನಾದರು. ಎರಡು ವರ್ಷದ ನಂತರ ಬೇರೊಂದು ಔಷಧಿಗೆ ಆ ಹುಡುಗನಿಗೆ ಮತ್ತೆ ರಕ್ತ ಏರಿಸಬೇಕಾಯಿತು. ಮತ್ತೆ ಪರೀಕ್ಷೆ ಮಾಡಿಸಿ ಎಂಬ ಒಂದು ಸಾಲು ಆ ಚೀಟಿಯಲ್ಲಿ ಇದ್ದಿದ್ದರೆ ಸಾಕಿತ್ತು.

ಬೇರೆ ಔಷಧಿ ಎಂದರೆ ಯಾವುದು? ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫುರಾಂಟಾಯಿನ್, ಕ್ಯಾನ್ಸರ್ ಚಿಕಿತ್ಸೆಯ ನಡುವೆ ಬೇಕಾಗುವ ರಾಸ್‌ಬ್ಯೂರಿಕೇಸ್, ಮೆಥಿಲೀನ್ ಬ್ಲೂ. ಇವೆಲ್ಲ ವೈದ್ಯರ ಕೈಯಲ್ಲಿ ಇರುವಂಥವು. ಮನೆಯಲ್ಲೇ ಇರುವ ಒಂದು ಬಿಳಿ ಗುಂಡಿನ ಬಗ್ಗೆ ಹೇಳಲೇಬೇಕು. ನಮ್ಮ ಅಜ್ಜಿಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತಿತ್ತು. ರೇಷ್ಮೆ ಸೀರೆಯ ಕೆಳಗೆ ಮಗುವಿನ ಕುಲಾವಿ, ಜುಬ್ಬ, ಉಣ್ಣೆಯ ಸ್ವೆಟರು. ದೊಡ್ಡಮ್ಮನ ಮಗ ಹಾಕಿದ್ದು ನನ್ನ ತಮ್ಮನಿಗೆ, ತಮ್ಮ ಹಾಕಿದ್ದು ಚಿಕ್ಕಮ್ಮನ ಮಗುವಿಗೆ. ಎಷ್ಟು ಪ್ರೀತಿಯಿಂದ ಜೋಪಾನ ಮಾಡಿ ಇಟ್ಟ ಬಟ್ಟೆ ಅವು! ಆ ಗುಳಿಗೆ ನ್ಯಾಫ್ತಲೀನ್ ಆಗಿದ್ದರೆ ಅದರ ಅಂಶ ಬಟ್ಟೆಯಲ್ಲಿ ಕೂತಿರುತ್ತದೆ. ಉಸಿರಿನಿಂದಲೂ ಎಳೆಯ ಚರ್ಮದಿಂದಲೂ ಒಳಗೆ ಹೋಗುತ್ತದೆ. ಕೊರತೆ ಇರುವ ಕೂಸಿಗೆ ಅಷ್ಟೇ ಸಾಕು, ರಕ್ತಕಣ ಒಡೆದು ಕಾಮಾಲೆ ಏರಿಬಿಡುತ್ತದೆ. ಒಂದು ಸಲ ಒಗೆದು, ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆ ಎಂದು ನಂಬಿಕೊಂಡು ಕೂರಬೇಡಿ. ಕೂಸಿನ ಬಟ್ಟೆ ಇಡುವ ಕಡೆ ನುಸಿಗುಳಿಗೆ ಬೇಡವೇ ಬೇಡ.

ಹುಟ್ಟಿದ ಮಕ್ಕಳ ಕಾಮಾಲೆ ಬಹಳ ಮಾಮೂಲು. "ಬೆಳಗಿನ ಎಳೆಬಿಸಿಲು ತೋರಿಸಿ, ಹೋಗುತ್ತೆ" ಅಂತ ಮನೆಯ ಹಿರಿಯರು ಹೇಳುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಕಾಮಾಲೆ ತಾನಾಗಿ ಇಳಿಯುವುದೂ ನಿಜ. ಆದರೆ ಜಿ6ಪಿಡಿ ಕೊರತೆ ಇರುವ ಕೆಲವು ಮಕ್ಕಳಲ್ಲಿ ಕಾಮಾಲೆಯ ಹಳದಿ ಬಣ್ಣದ ವಸ್ತುವಾದ ಬಿಲಿರುಬಿನ್ ಗಂಟೆಗಳ ಲೆಕ್ಕದಲ್ಲಿ ಏರಿ ಮೆದುಳಿಗೆ ಇಳಿಯುತ್ತದೆ. ಕಿವಿ ಹೋಗಬಹುದು, ಕೈಕಾಲು ಸೆಡೆತು ಜೀವನವಿಡೀ ಉಳಿಯಬಹುದು. ಹಾಲು ಕುಡಿಯದೆ ಜೋಂಪು ಹತ್ತಿದ ಹಳದಿ ಕೂಸನ್ನು ಬಿಸಿಲಿನಲ್ಲಿ ಮಲಗಿಸಿ ಕಾಯಬಾರದು, ಆಸ್ಪತ್ರೆಗೆ ಓಡಬೇಕು.

ಊಟದ ಬಗ್ಗೆ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಇಟಲಿಯ ಸಾರ್ಡಿನಿಯಾದಲ್ಲೂ ಮೆಡಿಟರೇನಿಯನ್ ಸುತ್ತಲಿನ ಊರುಗಳಲ್ಲೂ ಫಾವಾ ಎಂಬ ಕಾಳು ತಿಂದು ಕೊರತೆ ಇರುವವರ ರಕ್ತ ಒಡೆಯುತ್ತದೆ. ಅದರಲ್ಲಿರುವ ವಿಸೀನ್, ಕಾನ್‌ವಿಸೀನ್ ಎಂಬ ಪದಾರ್ಥಗಳು ಅದಕ್ಕೆ ಕಾರಣ. ಇಂಟರ್ನೆಟ್ಟಿನಲ್ಲಿ ಇದನ್ನು ಅವರೆಕಾಳು ಎಂದು ಬರೆದು ಜನರನ್ನು ಹೆದರಿಸುತ್ತಾರೆ. ನಮ್ಮ ಸೊಗಡಿನ ಅವರೆ ಬೇರೆ ಗಿಡ. ಫಾವಾ ಬೇರೆ ಗಿಡ.

ಇನ್ನೊಂದು ವಿಷಯ ನಮ್ಮ ಊರುಗಳಿಗೆ ತೀರಾ ಹತ್ತಿರದ್ದು. ಮನೆಗೊಬ್ಬರಿಗೆ ಶುಗರ್ ಇರುವ ಕಾಲ ಇದು. "ಮೂರು ತಿಂಗಳ ಶುಗರ್ ಟೆಸ್ಟ್" ಅಂತ ಕರೆಯುವ ಎಚ್‌ಬಿಎ1ಸಿ ಪರೀಕ್ಷೆ ಎಲ್ಲರಿಗೂ ಗೊತ್ತು. ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಅದು ಅಳೆಯುತ್ತದೆ. ಕಣ 120 ದಿನ ಬದುಕಿರುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಕೊರತೆ ಇರುವವರ ಕಣ ಅದಕ್ಕಿಂತ ಬೇಗ ಸಾಯುತ್ತದೆ, ಸಕ್ಕರೆ ಅಂಟಲು ಸಮಯ ಕಡಿಮೆ ಸಿಗುತ್ತದೆ. ವರದಿಯಲ್ಲಿ ಸಂಖ್ಯೆ ಚೆಂದ ಕಾಣುತ್ತದೆ, ರಕ್ತದಲ್ಲಿ ಸಕ್ಕರೆ ಏರಿಯೇ ಇರುತ್ತದೆ. ಇದೊಂದೇ ಪರೀಕ್ಷೆ ನಂಬಿದರೆ ಆಫ್ರಿಕನ್ ಅಮೆರಿಕನ್ನರಲ್ಲಿ ಮಧುಮೇಹ ಇರುವ ನೂರರಲ್ಲಿ ಸುಮಾರು ಇಬ್ಬರು ಕೈತಪ್ಪಿ ಹೋಗಬಹುದು ಎಂದು 2017ರ ದೊಡ್ಡ ಜೀನ್ ಅಧ್ಯಯನ ಅಂದಾಜು ಮಾಡಿತು. ಗ್ಲುಕೋಮೀಟರ್ ಒಂದು ಹೇಳಿ, ಎಚ್‌ಬಿಎ1ಸಿ ಇನ್ನೊಂದು ಹೇಳಿದರೆ ಯಂತ್ರ ಕೆಟ್ಟಿದೆ ಅಂದುಕೊಳ್ಳುವ ಮುಂಚೆ ಈ ಕಿಣ್ವವನ್ನೂ ಒಮ್ಮೆ ನೆನೆಸಿಕೊಳ್ಳಿ.

ಕಿಣ್ವದ ಕೊರತೆಗೆ ಔಷಧಿ ಇಲ್ಲವೇ? ಜಿ6ಪಿಡಿಗೆ ಇನ್ನೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾರಿಯಾ ಮೊಖ್ಲಿ-ರೋಸೆನ್ ಅವರ ತಂಡ 2018ರಲ್ಲಿ ಎಜಿ1 ಎಂಬ ಅಣುವನ್ನು ತೋರಿಸಿತು. ಜಿ6ಪಿಡಿ ಕೆಲಸ ಮಾಡುವುದು ಜೋಡಿಯಾಗಿ. ಸಡಿಲಗೊಂಡ ಜೋಡಿಯನ್ನು ಈ ಅಣು ಹಿಡಿದು ನಿಲ್ಲಿಸುತ್ತದೆ. ಪ್ರಯೋಗಾಲಯದ ಮಟ್ಟದಲ್ಲಿ ಕಂಡ ಆಸೆ ಅದು.

ಇನ್ನೊಂದು ಕಿಣ್ವದಲ್ಲಿ ಕೆಲಸ ಮುಂದೆ ಹೋಗಿದೆ. ಪೈರುವೇಟ್ ಕೈನೇಸ್ ಎಂಬ ಕಿಣ್ವ ರಕ್ತಕಣಕ್ಕೆ ಶಕ್ತಿ ಮಾಡಿಕೊಡುತ್ತದೆ. ಇದರ ಕೊರತೆಯನ್ನು ಗುರುತಿಸಿದ್ದು 1961ರಲ್ಲಿ. ಜಿ6ಪಿಡಿ ಹಾಗೆ ಇದು ಮಾತ್ರೆಗಾಗಿ ಕಾದು ಕೂರುವುದಿಲ್ಲ. ಹುಟ್ಟಿದಾಗಿನಿಂದ ರಕ್ತಹೀನತೆ, ಬಿಡದ ಕಾಮಾಲೆ, ಪಿತ್ತದ ಕಲ್ಲು, ಮತ್ತೆ ಮತ್ತೆ ರಕ್ತ ಏರಿಸುವುದು. 2022ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮಿಟಾಪಿವ್ಯಾಟ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಸೋತ ಕಿಣ್ವಕ್ಕೆ ಅದು ಚುರುಕು ಕೊಡುತ್ತದೆ. ಅದೇ ಮಾತ್ರೆಯನ್ನು ಹುಟ್ಟಿನಿಂದ ಬರುವ ಬೇರೆ ರಕ್ತದ ಕಾಯಿಲೆಗಳಾದ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್‌ನಲ್ಲೂ ಪ್ರಯೋಗಿಸಿದ್ದಾರೆ. ಕಣದ ಶಕ್ತಿ ಹೆಚ್ಚಿದರೆ ಅಲ್ಲೂ ಕಣ ಜಾಸ್ತಿ ದಿನ ಬಾಳೀತು ಎಂಬ ಆಸೆ. ಥಲಸ್ಸೇಮಿಯಾ ಪ್ರಯೋಗಗಳಲ್ಲಿ ಕೆಲವರ ಲಿವರ್‌ಗೆ ಪೆಟ್ಟು ಬಿದ್ದದ್ದೂ ಕಂಡಿದೆ, ಹಾಗಾಗಿ ಅದರ ಮೇಲೆ ನಿಗಾ ಬೇಕು. ಇಂಥ ಔಷಧಿಯ ಬೆಲೆ ನಮ್ಮ ಮನೆಗಳ ಕೈಗೆ ಎಟುಕುವ ಹೊತ್ತಿಗೆ ಎಷ್ಟು ಕಾಲ ಆಗುತ್ತದೋ ಎಂಬ ಚಿಂತೆ ನನಗಿದೆ. ಜಿ6ಪಿಡಿಯಲ್ಲಾದರೋ ಔಷಧಿ ಬರುವ ತನಕ ಕಾಯಬೇಕಿಲ್ಲ. ಗೊತ್ತಿದ್ದರೆ ಸಾಕು.

ಗೊತ್ತುಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ಕರ್ನಾಟಕದಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿ ಹಳೆಯದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಈಗ ಕಡಿಮೆಯಾಗುತ್ತಿದೆ. ಸೋದರಮಾವನಿಗೆ ಜಿ6ಪಿಡಿ ಕೊರತೆ ಇದೆ ಅಂದರೆ ಸಾಮಾನ್ಯವಾಗಿ ಅದು ಅವನ ತಾಯಿಯಿಂದ ಬಂದದ್ದು. ಅದೇ ತಾಯಿಯಿಂದ ಅಕ್ಕನಿಗೂ, ಅಕ್ಕನಿಂದ ಅವಳ ಮಗಳಿಗೂ ಬಂದಿರಬಹುದು. ಅವರಿಬ್ಬರಿಗೆ ಹುಟ್ಟುವ ಹೆಣ್ಣುಮಗುವಿಗೆ ಎರಡೂ ಎಕ್ಸ್ ದೋಷದ್ದೇ ಸಿಗುವ ಸಾಧ್ಯತೆ ಬಹಳ ಹೆಚ್ಚುತ್ತದೆ. "ಇದು ಗಂಡುಮಕ್ಕಳ ಕಾಯಿಲೆ" ಎಂಬ ಮಾತು ಇಂಥ ಮನೆಯಲ್ಲಿ ನಡೆಯುವುದಿಲ್ಲ. ಒಬ್ಬರಿಗೆ ಕೊರತೆ ಇದೆ ಎಂದು ಗೊತ್ತಾದರೆ ತಾಯಿ, ಅಣ್ಣತಮ್ಮ, ಅಕ್ಕತಂಗಿ, ತಾಯಿಯ ಕಡೆಯ ಸೋದರಮಾವಂದಿರು, ಚಿಕ್ಕಮ್ಮ ದೊಡ್ಡಮ್ಮಂದಿರ ಮಕ್ಕಳು ಎಲ್ಲರೂ ಒಮ್ಮೆ ನೋಡಿಸಿಕೊಳ್ಳಬೇಕು. ಕೊರತೆ ಗಂಡಸಿಗೆ ಇದ್ದರೆ ಅವನ ಹೆಣ್ಣುಮಕ್ಕಳೂ.

ಕೇರಳ ಹುಟ್ಟಿದ ಮಕ್ಕಳಿಗೆ ಮಾಡುವ ಸರ್ಕಾರಿ ತಪಾಸಣೆಯಲ್ಲಿ ಜಿ6ಪಿಡಿಯನ್ನೂ ಸೇರಿಸಿದೆ. ನಮ್ಮಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ. ಅದಕ್ಕಾಗಿ ಬುಡಕಟ್ಟು ಹಾಡಿಗಳಿಗೆ ಹೋಗಿ ಬೆರಳು ಚುಚ್ಚುತ್ತಾರೆ. ಮಲೇರಿಯಾವನ್ನು ತಲೆತಲಾಂತರ ಕಂಡ ಜನರಲ್ಲೇ ಎರಡೂ ಗುಣ ಉಳಿದು ಬಂದಿವೆ. ಅದೇ ದಿನ, ಅದೇ ಬೆರಳಿನಿಂದ ಇನ್ನೊಂದು ಹನಿ ತೆಗೆದುಕೊಳ್ಳಬಹುದು.

ಆದರೆ ನನ್ನ ಮನಸ್ಸು ಹೋಗುವುದು ತಾಯಿ ಕಾರ್ಡಿನ ಕಡೆಗೆ. ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಕೂಸಿನ ಹಿಮ್ಮಡಿ ಚುಚ್ಚಿ, ಫಿಲ್ಟರ್ ಕಾಗದದ ಮೇಲೆ ರಕ್ತದ ಚುಕ್ಕೆ ಒಣಗಿಸಿ ಲ್ಯಾಬಿಗೆ ಕಳಿಸಿದರೆ ಉತ್ತರ ಬರುತ್ತದೆ. ಆ ಉತ್ತರ ಬಾಣಂತಿಗೂ ಬೇಕು. ಗರ್ಭಿಣಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ. ಹಾಲುಣಿಸುವ ತಾಯಿಗೆ ಕೊಡಬೇಕಾದರೆ ಅವಳ ಜೊತೆಗೆ ಕೂಸಿನ ಜಿ6ಪಿಡಿಯೂ ಗೊತ್ತಿರಬೇಕು. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆಯಲು ಜಾಗ ಇದೆ. ಅದರ ಪಕ್ಕದಲ್ಲಿ ಕೂಸಿನ ಜಿ6ಪಿಡಿ ಸಂಖ್ಯೆಗೆ ಒಂದು ಚಿಕ್ಕ ಚೌಕ ಸಾಕು.